ಒಂದೂರಿನ ಒಂದೇ ಕಸಬು



ಬೆಂಗಳೂರಿನ ಹಳೆಯ ಪೇಟೆಯಲ್ಲಿ ಓಡಾಡಿದವರಿಗೆ ಅಲ್ಲಿನ ಬೀದಿಗಳ ಹೆಸರುಗಳು ಪರಿಚಿತವಾಗಿಯೇ ಇವೆ: ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸಬಿನ ಹೆಸರೇ ಬೀದಿಯ ಹೆಸರು. ಮೇಲುನೋಟಕ್ಕೆ ಇದು ವಿಚಿತ್ರವೇ ಸರಿ. ಬಳೆ ಮಾರುವವನು ಬಳೆಯಂಗಡಿ ಇಲ್ಲದ ಬೀದಿಯನ್ನು ಹುಡುಕಿಕೊಂಡು ಹೋಗಬೇಕಲ್ಲದೆ, ತನ್ನಂಥವರೇ ಹತ್ತು ಮಂದಿ ಕುಳಿತಿರುವ ಕಡೆ ಹನ್ನೊಂದನೆಯವನಾಗಿ ಹೋಗಿ ಕೂಡುವುದುಂಟೆ? ಆದರೂ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಕಸಬುದಾರರು ಹೀಗೆಯೇ ಮಾಡಿಕೊಂಡು ಬಂದಿದ್ದಾರೆ. ಕೊಳ್ಳುವವರು ಅಲ್ಲಿಗೇ ಬರುತ್ತಾರೆ. ಸರಕು ಒದಗಿಸುವವನು ಅಲ್ಲಿಗೇ ಬಂಡಿ ಹೊಡೆಯುತ್ತಾನೆ. ಕೆಲಸ ಬಲ್ಲ ಹುಡುಗನು ಒಬ್ಬ ಯಜಮಾನನನ್ನು ಬಿಟ್ಟರೆ ಪಕ್ಕದ ಬಾಗಿಲನ್ನು ತಟ್ಟುತ್ತಾನೆ.

ಇದಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವನು ಕೇಂಬ್ರಿಜ್ಜಿನ ಆಲ್ಫ್ರೆಡ್ ಮಾರ್ಷಲ್. 1890ರಲ್ಲಿ ಹೊರಬಂದ ತನ್ನ ಅರ್ಥಶಾಸ್ತ್ರದ ಮಹಾಗ್ರಂಥದಲ್ಲಿ ಅವನು, ಒಂದೆಡೆ ನೆಲೆಗೊಂಡ ಕೈಗಾರಿಕೆಗೆ ದೊರೆಯುವ ಅನುಕೂಲಗಳನ್ನು ವಿವರಿಸಿದ್ದಾನೆ: ನುರಿತ ಕೈಗಳು ಧಾರಾಳವಾಗಿ ಸಿಗುತ್ತವೆ, ಉಪಕರಣಗಳನ್ನು ಮಾಡುವ, ಸಾಮಾನುಗಳನ್ನು ಒದಗಿಸುವ ಸಣ್ಣ ಕಸಬುಗಳು ಸುತ್ತಲೂ ಬೆಳೆಯುತ್ತವೆ, ಒಬ್ಬನಿಗೆ ಹೊಳೆದ ಉಪಾಯ ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಅವನೊಂದು ಎಚ್ಚರಿಕೆಯ ಮಾತನ್ನೂ ಬರೆದಿದ್ದಾನೆ. ಒಂದೇ ಕೈಗಾರಿಕೆಯನ್ನು ನೆಚ್ಚಿದ ಸೀಮೆಯು, ಆ ಸರಕಿಗೆ ಬೇಡಿಕೆ ಇಳಿದಾಗಲಾಗಲಿ ಕಚ್ಚಾ ಪದಾರ್ಥ ನಿಂತುಹೋದಾಗಲಾಗಲಿ, ತೀವ್ರವಾದ ದುರವಸ್ಥೆಗೆ ಬೀಳುತ್ತದೆ ಎಂಬುದೇ ಆ ಮಾತಿನ ತಾತ್ಪರ್ಯ. ನಾವು ಕಾಲೇಜಿನಲ್ಲಿ ಈ ಅಧ್ಯಾಯವನ್ನು ಎಷ್ಟೋ ವರ್ಷಗಳಿಂದ ಪಾಠಹೇಳುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಅನುಕೂಲಗಳನ್ನು ಕೇಳುತ್ತಾರೆ. ಎಚ್ಚರಿಕೆಯನ್ನು ಯಾರೂ ಕೇಳುವುದಿಲ್ಲ. ಆದುದರಿಂದ ವಿದ್ಯಾರ್ಥಿಗಳು ಅದನ್ನು ಓದುವುದೂ ಇಲ್ಲ.

ಈ ಹೊತ್ತು ನಾವು ಆ ಓದದೆ ಬಿಟ್ಟ ಪುಟವನ್ನು ಹಿಡಿದುಕೊಂಡು ಒಂದು ಪ್ರಶ್ನೆಯನ್ನು ವಿಚಾರಮಾಡಬೇಕೆಂದಿದ್ದೇವೆ. ಕಸಬುಗಳು ಒಟ್ಟುಗೂಡಿ ನೆಲೆಸಿದ ಸೀಮೆಗೆ ದೊಡ್ಡ ಪೆಟ್ಟು ಬಿದ್ದಾಗ, ಒಂದು ಸೀಮೆ ಏಳುತ್ತದೆ, ಇನ್ನೊಂದು ಬಿದ್ದಲ್ಲಿಯೇ ಉಳಿಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು?

ಉದಾಹರಣೆಗೆ ಬಹುದೂರ ಹೋಗಬೇಕಾಗುತ್ತದೆ. ನಮ್ಮ ತಂದೆಯವರ ಎಚ್.ಎಂ.ಟಿ. ಕೈಗಡಿಯಾರವು ಈಗ ನಮ್ಮ ಮಣಿಕಟ್ಟಿನಲ್ಲಿದೆ. ದಿನವೂ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುವಾಗ ಕೆಲವೊಮ್ಮೆ ನಮಗೆ ಆ ದೂರದ ಊರುಗಳ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಪಶ್ಚಿಮಕ್ಕೆ ಫ್ರಾನ್ಸಿನ ಗಡಿಯುದ್ದಕ್ಕೂ ಜ್ಯೂರಾ ಎಂಬ ಪರ್ವತಶ್ರೇಣಿ ಇದೆ. ಅಲ್ಲಿ ಲಾ ಷೋ-ದ-ಫೋಂ, ಲ ಲೊಕ್ಲ್ ಎಂಬ ಎರಡು ಊರುಗಳು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿವೆ. ನೆಲ ಬಡವಾದದ್ದು, ಚಳಿಗಾಲ ದೀರ್ಘವಾದದ್ದು. ಹಿಮ ಬಿದ್ದ ತಿಂಗಳುಗಳಲ್ಲಿ ಹಸುಗಳಿಗೆ ಮೇವು ಹಾಕುವುದನ್ನು ಬಿಟ್ಟರೆ ರೈತನಿಗೆ ಬೇರೆ ಕೆಲಸವಿರಲಿಲ್ಲ. ಗಡಿಯಾರದ ಕಸಬು ಮೊದಲು ಬೇರುಬಿಟ್ಟದ್ದು ಜಿನೀವಾದಲ್ಲಿ. ಫ್ರಾನ್ಸಿನಿಂದ ಮತದ ಕಾರಣಕ್ಕಾಗಿ ಓಡಿಬಂದ ಪ್ರಾಟೆಸ್ಟೆಂಟರು ಅದನ್ನು ಬೆಳೆಸಿದರು. ಅಲ್ಲಿಂದ ಅದು ಬೆಟ್ಟವೇರಿದ ಬಗೆಗೆ ಒಂದು ಐತಿಹ್ಯವುಂಟು. 17ನೆಯ ಶತಮಾನದ ಕೊನೆಯಲ್ಲಿ ಒಬ್ಬ ಕುದುರೆ ವ್ಯಾಪಾರಿಯ ಗಡಿಯಾರ ದಾರಿಯಲ್ಲಿ ಕೆಟ್ಟಿತಂತೆ. ದಾನಿಯೆಲ್ ಜಾನ್‌ರಿಷಾರ್ ಎಂಬ ಹಳ್ಳಿಯ ಹುಡುಗ ಅದನ್ನು ಬಿಚ್ಚಿ ಸರಿಪಡಿಸಿ, ಆಮೇಲೆ ತಾನೇ ಒಂದನ್ನು ಮಾಡಿದನಂತೆ. ಕಥೆಯ ಭಾಗವನ್ನು ಕಥೆಯೆಂದೇ ತಿಳಿಯೋಣ. ಆ ಹುಡುಗ ಮಾತ್ರ ನಿಜವಾಗಿಯೂ ಇದ್ದವನು.

ಇನ್ನು ನಡೆದದ್ದು ಕಥೆಗಿಂತ ಸ್ವಾರಸ್ಯವಾಗಿದೆ. ಇಡೀ ಗಡಿಯಾರವನ್ನು ಯಾರೂ ಮಾಡಲಿಲ್ಲ. ಒಂದು ಮನೆಯವರು ಹಲ್ಲುಚಕ್ರವನ್ನು ಕೊರೆದರು. ಇನ್ನೊಂದು ಮನೆಯವರು ಮುಳ್ಳುಗಳನ್ನು ಮಾಡಿದರು. ಮತ್ತೊಂದರಲ್ಲಿ ಮುಖಬಿಲ್ಲೆಗೆ ಬಣ್ಣ ಹಾಕಿದರು. ವರ್ತಕನೊಬ್ಬ ಇವೆಲ್ಲವನ್ನೂ ಸಂಗ್ರಹಿಸಿ, ಜೋಡಿಸಿ, ಮಾರಿದ. ಕಿಟಕಿಯ ಬಳಿ ಮೇಜನ್ನು ಹಾಕಿಕೊಂಡು, ಹಿಮದ ಮೇಲಿನಿಂದ ಬರುವ ಬಿಳಿಯ ಬೆಳಕಿನಲ್ಲಿ ರೈತನ ಮನೆಯವರೆಲ್ಲ ದುಡಿದರು. ಲಾ ಷೋ-ದ-ಫೋಂ ಊರು 1794ರಲ್ಲಿ ಸುಟ್ಟುಹೋಯಿತು. 19ನೆಯ ಶತಮಾನದಲ್ಲಿ ಅದನ್ನು ವಿಸ್ತರಿಸಿ ಕಟ್ಟುವಾಗ ನೇರವಾದ ಸಮಾನಾಂತರ ಬೀದಿಗಳನ್ನು ಹಾಕಿ, ಮನೆಮನೆಯ ಕೆಲಸದ ಮೇಜಿಗೂ ಬಿಸಿಲು ಬೀಳುವಂತೆ ಯೋಜಿಸಿದರು. ಕಸಬಿಗಾಗಿ ಊರನ್ನೇ ಕೊರೆದಂತಾಯಿತು. ಕಾರ್ಲ್ ಮಾರ್ಕ್ಸ್ ತನ್ನ ಹೆಸರಾಂತ ಗ್ರಂಥದಲ್ಲಿ ಈ ಊರನ್ನು ಹೆಸರಿಸಿ, ಇಡೀ ಪಟ್ಟಣವನ್ನೇ ಒಂದು ಗಡಿಯಾರದ ಕಾರ್ಖಾನೆಯೆಂದು ಭಾವಿಸಬಹುದೆಂದಿದ್ದಾನೆ. 2009ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಎರಡು ಊರುಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲ ಪೆಟ್ಟು ಬಿದ್ದದ್ದು 1876ರಲ್ಲಿ. ಆ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಪ್ರದರ್ಶನದಲ್ಲಿ ವಾಲ್ಥಮ್ ಊರಿನ ಕಾರ್ಖಾನೆಯವರು ಯಂತ್ರಗಳಿಂದಲೇ ಮಾಡಿದ ಗಡಿಯಾರಗಳನ್ನಿಟ್ಟಿದ್ದರು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಇದನ್ನು ಕಂಡುಬಂದ ಸ್ವಿಸ್ ತಂತ್ರಜ್ಞ ಜಾಕ್ ದವೀದ್ ಊರಿಗೆ ಹಿಂದಿರುಗಿ, ಎಚ್ಚೆತ್ತುಕೊಳ್ಳದಿದ್ದರೆ ಉಳಿಗಾಲವಿಲ್ಲವೆಂದು ವರದಿ ಬರೆದ. ಜನ ಎಚ್ಚೆತ್ತರು. ಕಾರ್ಖಾನೆಗಳು ಎದ್ದವು, ಯಂತ್ರಗಳು ಬಂದವು, ಆದರೆ ಸಣ್ಣ ಕಸಬುದಾರರ ಜಾಲ ಹರಿದುಹೋಗಲಿಲ್ಲ. ಹೊಸ ಯಂತ್ರಗಳನ್ನು ಮಾಡುವ ಕಸಬೇ ಅದೇ ಕಣಿವೆಗಳಲ್ಲಿ ಹುಟ್ಟಿಕೊಂಡಿತು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಎರಡನೆಯ ಪೆಟ್ಟು 1930ರ ಸುಮಾರಿಗೆ ಲೋಕವನ್ನೆಲ್ಲ ಹಿಡಿದ ವ್ಯಾಪಾರಕುಗ್ಗಿನದು. ಈ ಸಲ ಅವರು ಕಂಡುಕೊಂಡ ಮಾರ್ಗ ಬೇರೆ. 1934ರಲ್ಲಿ ಸರ್ಕಾರವೇ ಕಟ್ಟಳೆಮಾಡಿ, ಅಪ್ಪಣೆಯಿಲ್ಲದೆ ಯಾರೂ ಹೊಸ ಗಡಿಯಾರ ಕಾರ್ಖಾನೆಯನ್ನು ತೆರೆಯಕೂಡದು, ಇದ್ದುದನ್ನು ಹಿಗ್ಗಿಸಕೂಡದು, ಬಿಡಿಭಾಗಗಳನ್ನು ಮನಬಂದಂತೆ ಹೊರದೇಶಕ್ಕೆ ಕಳಿಸಕೂಡದು ಎಂದು ವಿಧಿಸಿತು. ಸಣ್ಣವರು ನಾಶವಾಗಬಾರದೆಂಬ ಉದ್ದೇಶ ಒಳ್ಳೆಯದೇ. ಮೂರು ದಶಕಗಳವರೆಗೆ ಕಣಿವೆಗಳು ಸುಖವಾಗಿದ್ದವು. ಆದರೆ ಗೋಡೆಯೊಳಗೆ ಬೆಳೆದ ಗಿಡಕ್ಕೆ ಗಾಳಿಯ ಅಭ್ಯಾಸ ತಪ್ಪುತ್ತದೆ.

ಮೂರನೆಯ ಪೆಟ್ಟನ್ನು ಕೊಟ್ಟದ್ದು ಸ್ಫಟಿಕ, ಎಂದರೆ ಕ್ವಾರ್ಟ್ಸ್. ಸ್ಪ್ರಿಂಗು, ತೂಗುಚಕ್ರಗಳ ಬದಲಿಗೆ ವಿದ್ಯುತ್ತಿನಿಂದ ಕಂಪಿಸುವ ಒಂದು ಸ್ಫಟಿಕದ ಚೂರು ಕಾಲವನ್ನಳೆಯುವ ಈ ಗಡಿಯಾರವನ್ನು ಜಪಾನಿನ ಸೈಕೋ ಸಂಸ್ಥೆಯು 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ತಂದಿತು. ಸ್ವಿಸ್ಸರಿಗೆ ಇದು ತಿಳಿಯದೆ ಇತ್ತೇ? ಇಲ್ಲ. ಅವರೇ ಕೂಡಿ 1962ರಲ್ಲಿ ನೂಷಾಟೆಲ್ ಪಟ್ಟಣದಲ್ಲಿ ಸಂಶೋಧನಾಲಯವನ್ನು ಸ್ಥಾಪಿಸಿದ್ದರು. 1967ರಲ್ಲಿ ಅಲ್ಲಿಯೇ ಸ್ಫಟಿಕದ ಕೈಗಡಿಯಾರದ ಮಾದರಿಯೂ ಸಿದ್ಧವಾಗಿ, ಆ ಊರಿನ ವೀಕ್ಷಣಾಲಯದ ಪಂದ್ಯದಲ್ಲಿ ಮೇಲಿನ ಸ್ಥಾನಗಳನ್ನು ಗಳಿಸಿತ್ತು. ವಿದ್ಯೆ ಮನೆಯಲ್ಲಿಯೇ ಇತ್ತು, ಬಳಸುವ ಮನಸ್ಸಿರಲಿಲ್ಲ.

ಏಕೆ ಇರಲಿಲ್ಲ? ಸ್ವಿಸ್ಸರು ಗರ್ವದಿಂದ ಕೆಟ್ಟರೆಂದು ಹೇಳುವುದು ವಾಡಿಕೆ. ನಮಗೆ ಈ ವಿವರಣೆ ಸಾಲದೆಂದು ತೋರುತ್ತದೆ. ಸ್ಫಟಿಕದ ಗಡಿಯಾರಕ್ಕೆ ತೂಗುಚಕ್ರ ಬೇಡ, ಕೂದಲಿನಂಥ ಸ್ಪ್ರಿಂಗು ಬೇಡ, ಅದನ್ನು ಹದಗೊಳಿಸುವ ಕುಶಲಿಯೂ ಬೇಡ. ಆ ಒಂದೊಂದು ಭಾಗವನ್ನೂ ನಂಬಿಕೊಂಡು ಒಂದೊಂದು ಬೀದಿ ಬದುಕುತ್ತಿತ್ತು. ಹೊಸದನ್ನು ಹಿಡಿಯುವುದೆಂದರೆ ನೆರೆಯವನ ಮಗ್ಗವನ್ನು ಮುರಿದಂತೆ. ಯಾವ ಸಾಮೀಪ್ಯವು ಅವರನ್ನು ಇನ್ನೂರು ವರ್ಷ ಎತ್ತಿ ಹಿಡಿದಿತ್ತೋ ಅದೇ ಈಗ ಕಾಲಿಗೆ ಕಟ್ಟಿದ ಕಲ್ಲಾಯಿತು. ಒಬ್ಬರಿಗೊಬ್ಬರು ಹೊಂದಿಕೊಂಡೇ ಬೆಳೆದವರು ಹೊಂದಿಕೊಂಡೇ ಮುಳುಗತೊಡಗಿದರು. 1970ರಲ್ಲಿ ಸುಮಾರು 90,000 ಜನರಿಗೆ ಉದ್ಯೋಗ ಕೊಟ್ಟಿದ್ದ ಕೈಗಾರಿಕೆಯಲ್ಲಿ, 1980ರ ದಶಕದ ನಡುವಿಗೆ ಉಳಿದವರು ಮೂವತ್ತು ಸಾವಿರದಷ್ಟು. ಕಾರ್ಖಾನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿದವು.

ಆಮೇಲಿನ ಚೇತರಿಕೆಯ ಕಥೆಯಲ್ಲಿ ಎಲ್ಲರೂ ಕೇಳಿರುವ ಅಧ್ಯಾಯವೊಂದಿದೆ. 1983ರಲ್ಲಿ ಎರಡು ದೊಡ್ಡ ಸಂಸ್ಥೆಗಳು ಒಂದಾದವು. ನಿಕೊಲಾಸ್ ಹಯೆಕ್ ಅವರ ಸಲಹೆ ಅದಕ್ಕೆ ದಾರಿಮಾಡಿತು. ಅದೇ ವರ್ಷ ಸುಮಾರು 50 ಬಿಡಿಭಾಗಗಳಿಂದಾದ, ಅಗ್ಗದ, ಬಣ್ಣಬಣ್ಣದ ಪ್ಲಾಸ್ಟಿಕ್ಕಿನ 'ಸ್ವಾಚ್' ಗಡಿಯಾರ ಪೇಟೆಗೆ ಬಂತು. ಇದರ ಕೀರ್ತಿಯನ್ನು ಕಡಿಮೆಮಾಡುವ ಇಚ್ಛೆ ನಮಗಿಲ್ಲ. ಆದರೆ ಸೀಮೆಯನ್ನು ಎತ್ತಿದ್ದು ಅದೊಂದೇ ಎಂದರೆ ಸರಿಯಾಗದು. ಯಾರೂ ಹೆಚ್ಚಾಗಿ ಹೇಳದ ಇನ್ನೊಂದು ಅಧ್ಯಾಯವಿದೆ.

ಬಾಸೆಲ್ ಪ್ರಾಂತ್ಯದಲ್ಲಿ ವಾಲ್ಡೆನ್‌ಬುರ್ಗ್ ಎಂಬ ಸಣ್ಣ ಊರಿದೆ. ಅದೂ ಗಡಿಯಾರದ ಊರೇ. ಗಡಿಯಾರದ ಸ್ಪ್ರಿಂಗಿಗೆ ಬೇಕಾದ ಮಿಶ್ರಲೋಹಗಳಲ್ಲಿ ಪಾರಂಗತರಾದ ರೈನ್‌ಹಾರ್ಡ್ ಸ್ಟ್ರೌಮನ್ ಎಂಬವರು 1954ರಲ್ಲಿ ಅಲ್ಲೊಂದು ಸಂಶೋಧನಾಸಂಸ್ಥೆಯನ್ನು ತೆರೆದರು. ತುಕ್ಕುಹಿಡಿಯದ, ಬಾಗಿದರೂ ಮುರಿಯದ ಲೋಹ ಗಡಿಯಾರಕ್ಕೆ ಎಷ್ಟು ಬೇಕೋ ಮುರಿದ ಎಲುಬನ್ನು ಕೂಡಿಸುವ ಪಟ್ಟಿಗೂ ತಿರುಪಿಗೂ ಅಷ್ಟೇ ಬೇಕು. ವೈದ್ಯರು ಬಂದು ಕೇಳಿದರು. ಲೋಹ ಬಲ್ಲವರು ಮಾಡಿಕೊಟ್ಟರು. ಆಮೇಲೆ ಅಲ್ಲಿಂದ ಹಲ್ಲಿನ ಕೃತಕ ಬೇರುಗಳೂ ಬಂದವು. ಇದೇ ರೀತಿಯಲ್ಲಿ, ಗಡಿಯಾರದ ತಿರುಪುಗಳನ್ನು ಕಡೆಯುವುದಕ್ಕೆಂದು ಜ್ಯೂರಾದ ಮೂಟಿಯೇ ಊರಿನಲ್ಲಿ ಬೆಳೆದ ಲೇತ್ ಯಂತ್ರಗಳು ಶಸ್ತ್ರಚಿಕಿತ್ಸೆಯ ಸಾಮಗ್ರಿಗೂ ಸೂಕ್ಷ್ಮೋಪಕರಣಗಳಿಗೂ ಒದಗಿದವು. ನೂಷಾಟೆಲ್ಲಿನ ಆ ಹಳೆಯ ಸಂಶೋಧನಾಲಯವು ಇತರ ಸಂಸ್ಥೆಗಳೊಡನೆ ಕೂಡಿ 1984ರಲ್ಲಿ ಸೂಕ್ಷ್ಮತಂತ್ರದ ಕೇಂದ್ರವಾಯಿತು. ಈ ಜನರಿಗೆ ನಿಜವಾಗಿ ಗೊತ್ತಿದ್ದುದು ಗಡಿಯಾರವಲ್ಲ. ಸಾಸಿವೆಗಿಂತ ಚಿಕ್ಕ ಲೋಹದ ತುಂಡನ್ನು ಕೂದಲೆಳೆಯಷ್ಟೂ ತಪ್ಪದೆ ಕಡೆಯುವುದು ಗೊತ್ತಿತ್ತು. ಗಡಿಯಾರವು ಆ ವಿದ್ಯೆಯ ಒಂದು ಉಪಯೋಗ ಮಾತ್ರ. ಉಪಯೋಗ ಹೋದರೂ ವಿದ್ಯೆ ಹೋಗಲಿಲ್ಲ. ಅದನ್ನು ಕೊಳ್ಳುವ ಬೇರೆ ಯಜಮಾನರು ಸಮೀಪದಲ್ಲಿಯೇ ಇದ್ದರು ಅಥವಾ ಹುಟ್ಟಿಕೊಂಡರು.

ಇಷ್ಟರಿಂದ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬಾರದು. ಸೀಮೆ ಎದ್ದಿತೆಂದಾಗ ಯಾರನ್ನು ಬಿಟ್ಟು ಎದ್ದಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1970ರ ದಶಕದ ಮುಗ್ಗಟ್ಟಿನಲ್ಲಿ ಸ್ವಿಟ್ಜರ್ಲೆಂಡಿನ ನಿರುದ್ಯೋಗದ ಅಂಕಿಗಳು ಆಶ್ಚರ್ಯವಾಗುವಷ್ಟು ಕಡಿಮೆಯಾಗಿದ್ದವು. ಅದರ ಗುಟ್ಟೇನೆಂದರೆ, ಕೆಲಸ ಕಳೆದುಕೊಂಡ ಇಟಲಿ, ಸ್ಪೇನ್ ದೇಶಗಳ ಕೂಲಿಗಾರರು ಬಹುಮಂದಿ ಪರವಾನಗಿ ತೀರಿ ತಮ್ಮ ದೇಶಗಳಿಗೆ ಹೊರಟುಹೋದರು. ಲಾ ಷೋ-ದ-ಫೋಂ ಪಟ್ಟಣದ ಜನಸಂಖ್ಯೆ ಆ ಹತ್ತು ವರ್ಷಗಳಲ್ಲಿ ಸಾವಿರಾರು ಇಳಿಯಿತು. ಹೋದವರು ಅಂಕಿಯಲ್ಲಿ ಕಾಣುವುದಿಲ್ಲ. ಉಳಿದವರ ಸ್ಥಿತಿಯೂ ನಿಶ್ಚಿಂತವಲ್ಲ. ಈಗ ಅಲ್ಲಿನ ಗಡಿಯಾರದ ವರಮಾನ ಬಹುಮಟ್ಟಿಗೆ ಸಿರಿವಂತರ ಭೋಗವಸ್ತುವಿನಿಂದ ಬರುತ್ತದೆ. 2009ರಲ್ಲಿ ಲೋಕದ ಹಣಕಾಸು ಕದಡಿದಾಗಲೂ 2020ರ ಮಹಾಮಾರಿಯಲ್ಲಿಯೂ ರಫ್ತು ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಆಗ ಕೆಲಸಗಾರರನ್ನು ಉಳಿಸಲು ನೆರವಾದದ್ದು, ಕೆಲಸದ ಹೊತ್ತನ್ನು ಕಡಿಮೆಮಾಡಿ ಕಳೆದ ಸಂಬಳದ ಬಹುಭಾಗವನ್ನು ಸಾರ್ವಜನಿಕ ವಿಮಾನಿಧಿಯಿಂದ ಕೊಡುವ ಏರ್ಪಾಡು. ಕೈ ನುರಿಯುವುದಕ್ಕೆ ವರ್ಷಗಳು ಹಿಡಿಯುತ್ತವೆ. ಚದುರಿಸುವುದಕ್ಕೆ ಒಂದು ತಿಂಗಳು ಸಾಕು. ಇದನ್ನು ಅವರು ಹಿಂದಿನ ಪೆಟ್ಟಿನಿಂದ ಕಲಿತಿದ್ದರು.

ಇನ್ನು ನಮ್ಮ ಮಣಿಕಟ್ಟಿಗೆ ಹಿಂದಿರುಗೋಣ. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಸ್ಥಾಪಿತವಾದಾಗ ಅದಕ್ಕೆ ನೆರವಾದದ್ದು ಸ್ವಿಟ್ಜರ್ಲೆಂಡಿನದೇ ಆದ ಓರ್ಲಿಕಾನ್ ಸಂಸ್ಥೆ. ಗಡಿಯಾರ ಮಾತ್ರ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಆರಂಭವಾಯಿತು. ಅದರ ವೈಭವವನ್ನು ಹಿರಿಯ ಶ್ರೋತೃಗಳಿಗೆ ನಾವು ಹೇಳಬೇಕಾಗಿಲ್ಲ. ಮದುವೆಗೂ ಪರೀಕ್ಷೆಯ ತೇರ್ಗಡೆಗೂ ಅದೇ ಉಡುಗೊರೆಯಾಗಿದ್ದ ಕಾಲ ಅದು. ಸ್ಫಟಿಕದ ಗಾಳಿ ಇಲ್ಲಿಗೂ ಬೀಸಿತು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ಬೆಂಗಳೂರಿಗೆ ನೆರೆಯ ಹೊಸೂರಿನಲ್ಲಿ ಕಾರ್ಖಾನೆಯನ್ನಿಟ್ಟು ಸ್ಫಟಿಕದ ಗಡಿಯಾರಗಳನ್ನೇ ನೆಚ್ಚಿಕೊಂಡಿತು. 2016ರಲ್ಲಿ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಮನಸ್ಸಿಗೆ ನೋವಾಯಿತು, ಆದರೆ ಬೆಂಗಳೂರು ಬೀಳಲಿಲ್ಲ. ಇಲ್ಲಿ 1940ರಿಂದ ವಿಮಾನ ಕಾರ್ಖಾನೆ ಇತ್ತು, 1948ರಿಂದ ಟೆಲಿಫೋನ್ ಕಾರ್ಖಾನೆ, 1954ರಿಂದ ಭಾರತ್ ಎಲೆಕ್ಟ್ರಾನಿಕ್ಸ್. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಯಂತ್ರಾಗಾರಗಳು ಪೀಣ್ಯದ ತುಂಬ ಇದ್ದವು. ಲೇತ್ ಹಿಡಿಯಬಲ್ಲ ಕೈಗೆ ತಟ್ಟಲು ಬಾಗಿಲುಗಳಿದ್ದವು. ಟೈಟನ್ ಸಂಸ್ಥೆಯವರೂ ಗಡಿಯಾರದಿಂದ ಬಂದ ಸೂಕ್ಷ್ಮಕೌಶಲವನ್ನು ಆಮೇಲೆ ವಿಮಾನದ ಭಾಗಗಳಿಗೆ ತಿರುಗಿಸಿದರು.

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಇದರ ವಿಪರ್ಯಾಸವನ್ನು ಕಾಣುತ್ತೇವೆ. ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕೆಲಸ ಆರಂಭಿಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕೆಲಸಮಾಡುವ ವಿದ್ಯೆ ಲೋಕದಲ್ಲಿ ಕೆಲವೇ ಕಡೆ ಇತ್ತು, ಅವುಗಳಲ್ಲಿ ಇದೊಂದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು.

ಅದುರು ಬಡವಾಯಿತು, ವೆಚ್ಚ ಏರಿತು, ಗಣಿ ಎಂದಾದರೂ ಮುಚ್ಚಲೇಬೇಕಾಗಿತ್ತು. ಅದರಲ್ಲಿ ವಾದವಿಲ್ಲ. ವಾದವಿರುವುದು ಅದಕ್ಕೆ ಮೊದಲಿನ 120 ವರ್ಷಗಳ ಬಗೆಗೆ. ಗಂಡಾಳುಗಳ ಭಾರಿ ದುಡಿಮೆಯನ್ನೇ ಬೇಡುವ ಸೀಮೆಗಳಲ್ಲಿ ಮಗ್ಗುಲಿಗೆ ಬೇರೆ ಜಾತಿಯ ಕಸಬುಗಳು ಬೆಳೆಯುವುದೇ ಪರಿಹಾರವೆಂದು ಮಾರ್ಷಲ್ ಬರೆದಿದ್ದ. ಗಣಿಗೆ ಆಗತಾನೆ ಹತ್ತು ವರ್ಷವಾಗಿತ್ತು. ಆದರೆ ಅಲ್ಲಿನ ನೆಲ, ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಗಣಿಗೇ ಸೇರಿದ್ದವು. ಎರಡನೆಯ ಯಜಮಾನನಿಗೆ ಜಾಗವೆಲ್ಲಿ? 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯು ಬಂತು, ಒಳ್ಳೆಯದಾಯಿತು, ಆದರೆ ಗಣಿಯ ಜನರನ್ನೆಲ್ಲ ತುಂಬಿಕೊಳ್ಳುವಷ್ಟು ದೊಡ್ಡದು ಅದಲ್ಲ. ಜ್ಯೂರಾದಲ್ಲಿ ಯಜಮಾನರು ನೂರಾರು, ಕೌಶಲಕ್ಕೆ ಕಾಲಿತ್ತು. ಇಲ್ಲಿ ಯಜಮಾನ ಒಬ್ಬ. ಕೌಶಲವು ಅವನ ಸುರಂಗದೊಳಗೆ ಮಾತ್ರ ನಡೆಯಬಲ್ಲುದು.

ಈ ಕಾಲದಲ್ಲಿ ಸರ್ಕಾರಗಳಿಗೆ ಒಂದೊಂದು ಜಿಲ್ಲೆಗೆ ಒಂದೊಂದು ಪದಾರ್ಥವನ್ನು ಹಂಚಿ, ಅದಕ್ಕೊಂದು ಕೈಗಾರಿಕಾ ವಸಾಹತನ್ನು ಗೊತ್ತುಮಾಡುವ ಉತ್ಸಾಹ ಹೆಚ್ಚು. ನಾವು ಅದನ್ನು ಹಳಿಯುವುದಿಲ್ಲ. ಆದರೆ ಅಂಥ ಯೋಜನೆಯ ಕಾಗದದಲ್ಲಿ ಎಷ್ಟು ಕಾರ್ಖಾನೆ, ಎಷ್ಟು ಎಕರೆ, ಎಷ್ಟು ಉದ್ಯೋಗ ಎಂಬ ಕಲಮುಗಳ ಕೆಳಗೆ ಇನ್ನೊಂದು ಕಲಮು ಇರಬೇಕಾಗಿತ್ತೆಂದು ನಮಗೆ ತೋರುತ್ತದೆ: ಈ ಪದಾರ್ಥ ಬೇಡವಾದ ದಿನ ಈ ಕೈಗಳು ಇನ್ನೇನು ಮಾಡಬಲ್ಲವು, ಮತ್ತು ಯಾರ ಬಳಿ?

ಕೋಲಾರ ಚಿನ್ನದ ಗಣಿಯ ಪಟ್ಟಣದಿಂದ ಪ್ರತಿದಿನವೂ ಬೆಳಗಿನ ರೈಲುಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಬಂದು ರಾತ್ರಿ ಹಿಂದಿರುಗುತ್ತಾರೆ. ಒಮ್ಮೆ ಆ ರೈಲಿನಲ್ಲಿ ನಮ್ಮ ಎದುರಿಗೆ ಕುಳಿತಿದ್ದ ಯುವಕನು ವೈಟ್‌ಫೀಲ್ಡಿನ ಒಂದು ಕಟ್ಟಡದಲ್ಲಿ ಕಾವಲು ಕೆಲಸದವನು. ತಂದೆ, ಅಜ್ಜ ಇಬ್ಬರೂ ಗಣಿಯವರು. ಮಾತಿನ ನಡುವೆ ಅವನೆಂದ: "ನಮ್ಮಪ್ಪ ಬಂಡೆಗೆ ಒಂದು ಸಲ ಸರಳಿನಿಂದ ತಟ್ಟಿ, ಆ ಸದ್ದಿನಲ್ಲೇ ಅದು ನಿಲ್ಲುತ್ತದೋ ಬೀಳುತ್ತದೋ ಹೇಳಿಬಿಡೋರು ಸಾರ್. ಎಷ್ಟೋ ಜನರ ಪ್ರಾಣ ಉಳಿಸಿದಾರೆ. ಆ ಕೆಲಸಕ್ಕೆ ಬೆಂಗಳೂರಲ್ಲಿ ಯಾರು ಸಂಬಳ ಕೊಡ್ತಾರೆ?" ನಾವು ಅರ್ಥಶಾಸ್ತ್ರದ ಅಧ್ಯಾಪಕರೆಂದು ಅವನಿಗೆ ಮೊದಲೇ ಹೇಳಿಬಿಟ್ಟಿದ್ದೆವು, ಉತ್ತರವನ್ನು ನಿರೀಕ್ಷಿಸಿ ಅವನು ನಮ್ಮ ಮುಖವನ್ನೇ ನೋಡುತ್ತ ಕುಳಿತಿದ್ದ. ಅಷ್ಟರಲ್ಲಿ ಬಂಗಾರಪೇಟೆ ಬಂದು, ಹತ್ತುವವರ ನೂಕುನುಗ್ಗಲಿನಲ್ಲಿ ಅವನು ಎದ್ದು ಒಬ್ಬ ಮುದುಕಿಗೆ ಜಾಗ ಮಾಡಿಕೊಟ್ಟ.